ಮರೆವಿನ ಕಾಯಿಲೆ ಅಜ್ಜಿಯರಿಗೇ ಯಾಕೆ ಹೆಚ್ಚು?

"ಅರವತ್ತಕ್ಕೆ ಅರಳುಮರಳು" ಅನ್ನುವ ಗಾದೆ ನೀವೆಲ್ಲ ಕೇಳಿದ್ದೀರಿ. ವಯಸ್ಸಾದವರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ, ಇಟ್ಟ ಕನ್ನಡಕ ಸಿಗದೆ ಮನೆಯೆಲ್ಲ ಹುಡುಕಿದರೆ, ಯಾರಾದರೂ ಈ ಗಾದೆ ಹೇಳಿ ನಕ್ಕುಬಿಡುತ್ತಾರೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸಿಗೆ ಸಹಜ. ಆದರೆ ಕನ್ನಡಕವನ್ನು ಕೈಯಲ್ಲೇ ಹಿಡಿದು "ಇದು ಯಾತಕ್ಕೆ?" ಅಂತ ಕೇಳಿದರೆ? ನಲವತ್ತು ವರ್ಷ ಸಾರು ಮಾಡಿದ ಅಜ್ಜಿಗೆ ಬೇಳೆ ಮೊದಲು ಬೇಯಿಸಬೇಕೋ ಒಗ್ಗರಣೆ ಮೊದಲು ಹಾಕಬೇಕೋ ಅಂತ ತೋಚದೆ ಹೋದರೆ? ದಿನಾ ಹಾಲು ಹಾಕಿ ಬರುವ ಡೈರಿಯಿಂದ ಮನೆಗೆ ಬರುವ ದಾರಿ ತಪ್ಪಿದರೆ? ಆಗ ನಗುವುದು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಇದು ಮೆದುಳಿನ ಕಾಯಿಲೆ. ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಕೆಲವು ಪತ್ರಿಕೆಗಳಲ್ಲಿ ಇದನ್ನು "ಬುದ್ಧಿಮಾಂದ್ಯ" ಎಂದು ಬರೆದಿರುತ್ತಾರೆ. ಆ ಪದ ಸರಿಹೊಂದುವುದಿಲ್ಲ. ಬುದ್ಧಿಮಾಂದ್ಯ ಬಾಲ್ಯದಿಂದಲೇ ಇರುವ ಸ್ಥಿತಿ, ಡಿಮೆನ್ಷಿಯಾದಲ್ಲಿ ಒಮ್ಮೆ ಚೆನ್ನಾಗಿದ್ದ ಶಕ್ತಿ ಕಳೆದುಹೋಗುತ್ತದೆ. ನಾವು ಇಲ್ಲಿ ಮರೆವಿನ ಕಾಯಿಲೆ ಅನ್ನೋಣ.

ಇದು ಒಂದೇ ಕಾಯಿಲೆಯ ಹೆಸರಲ್ಲ. ಮೆದುಳಿನ ರಕ್ತನಾಳಗಳು ಕಟ್ಟಿಕೊಂಡರೂ ಬರಬಹುದು, ಬೇರೆ ಕಾರಣಗಳೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಅದರ ಚರಿತ್ರೆ ಶುರುವಾಗುವುದೂ ಒಬ್ಬ ಹೆಂಗಸಿನಿಂದಲೇ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ವೈದ್ಯ ಅಲೋಯ್ಸ್ ಆಲ್ಝೈಮರ್ ಹೆಸರು ಕೇಳಿದಾಗ "ಆಗುಸ್ಟೆ" ಎಂದರು. ಗಂಡನ ಹೆಸರು ಕೇಳಿದರೂ ಆಗುಸ್ಟೆ ಎಂದೇ ಉತ್ತರ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದರು. ನರಕೋಶಗಳ ಹೊರಗೆ ಗಟ್ಟಿಯಾದ ಕಲೆಗಳಂಥ ಗುಪ್ಪೆಗಳು ಇದ್ದವು. ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ಹೊರಗಿನ ಗುಪ್ಪೆ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ಈಗ ಗೊತ್ತಾಗಿದೆ. ಹೊಸ ನೆನಪನ್ನು ಕಟ್ಟಿಕೊಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಮೊದಮೊದಲೇ ಪೆಟ್ಟು ಬೀಳುತ್ತದೆ. ಅದಕ್ಕೇ ಇಂಥವರಿಗೆ ತಮ್ಮ ಮದುವೆಯ ದಿನ ನೆನಪಿರುತ್ತದೆ, ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ನಡುವೆ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನೂರಕ್ಕೆ 7.4 ಜನರಿಗೆ, ಒಟ್ಟು ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಇದನ್ನು ತರಗತಿಯಲ್ಲಿ ಹೇಳಿದರೆ ಯಾರಾದರೊಬ್ಬರು ಕೈಯೆತ್ತಿ ಕೇಳುತ್ತಾರೆ: "ಸರ್, ಅಜ್ಜಿಯರು ಅಜ್ಜಂದಿರಿಗಿಂತ ಜಾಸ್ತಿ ವರ್ಷ ಬದುಕ್ತಾರಲ್ಲ, ಅದಕ್ಕೇ ಇರಬಹುದು." ಒಳ್ಳೆಯ ಪ್ರಶ್ನೆ. ವಯಸ್ಸು ಏರಿದಂತೆ ಈ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ, ಹೆಂಗಸರ ಆಯುಷ್ಯವೂ ಸರಾಸರಿಯಲ್ಲಿ ಹೆಚ್ಚು. ಹಾಗಾಗಿ ಉತ್ತರದ ಒಂದು ಭಾಗ ಅದೇ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಕಡಿಮೆಯಾಗುವುದಕ್ಕೂ ಮೆದುಳಿಗೂ ಏನು ಸಂಬಂಧ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಆದರೆ ಒಂದೇ ವಯಸ್ಸಿನ ಅಜ್ಜ ಅಜ್ಜಿಯರನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೂ ಭಾರತದಲ್ಲಿ ನೆನಪಿನ ಪರೀಕ್ಷೆಗಳಲ್ಲಿ ಅಜ್ಜಿಯರು ಹಿಂದೆ ಬೀಳುತ್ತಾರೆ. ಇಬ್ಬರೂ ಎಷ್ಟು ಓದಿದ್ದಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಅಂತರ ಬಹಳಷ್ಟು ಕಿರಿದಾಗುತ್ತದೆ. ಅಂದರೆ ಎಪ್ಪತ್ತನೆಯ ವಯಸ್ಸಿನ ಕಾಯಿಲೆಯ ಒಂದು ಬೇರು ಏಳನೆಯ ವಯಸ್ಸಿನಲ್ಲಿದೆ.

ಜನಗಣತಿಯ ಅಂಕಿಗಳನ್ನು ನೋಡಿ. 1951ರಲ್ಲಿ ಭಾರತದಲ್ಲಿ ನೂರು ಗಂಡಸರಲ್ಲಿ 27 ಮಂದಿಗೆ ಓದು ಬರಹ ಬರುತ್ತಿತ್ತು. ನೂರು ಹೆಂಗಸರಲ್ಲಿ 9 ಮಂದಿಗೂ ಬರುತ್ತಿರಲಿಲ್ಲ. 1961ರಲ್ಲಿ ಗಂಡಸರು 40, ಹೆಂಗಸರು 15. ಇವತ್ತು 75 ದಾಟಿದ ಅಜ್ಜಿಯರು ಶಾಲೆಗೆ ಸೇರಬೇಕಾಗಿದ್ದದ್ದು ಇದೇ ಹತ್ತು ವರ್ಷಗಳಲ್ಲಿ. ತಮ್ಮನನ್ನು ಎತ್ತಿಕೊಳ್ಳೋಕೆ ಮನೆಯಲ್ಲಿ ಯಾರಾದರೂ ಬೇಕಲ್ಲ, ಹುಡುಗಿ ಉಳಿದಳು. ನೀರು ತರೋಕೆ, ದನ ಕಾಯೋಕೆ ಉಳಿದಳು. ಅಣ್ಣ ಸ್ಲೇಟು ಹಿಡಿದು ಹೋದ.

ಸರಿ, ಶಾಲೆಗೆ ಹೋದರೆ ಮೆದುಳಿಗೆ ಏನಾಗುತ್ತದೆ? ಅಮಿಲಾಯ್ಡ್ ಗುಪ್ಪೆಗೆ ಮಗ್ಗಿ ಬರುತ್ತದೆಯೋ ಇಲ್ಲವೋ ಎಂಬ ಪರಿವೆ ಇದೆಯೇ? ಇದಕ್ಕೆ ಒಂದು ಸೊಗಸಾದ ಅಧ್ಯಯನವಿದೆ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ಕ್ರೈಸ್ತ ಸನ್ಯಾಸಿನಿಯರನ್ನು ಕುರಿತು ಅಧ್ಯಯನ ಆರಂಭಿಸಿದರು. 75 ದಾಟಿದ 678 ಸಿಸ್ಟರ್‌ಗಳು ಅದರಲ್ಲಿ ಸೇರಿಕೊಂಡರು. ವರ್ಷವರ್ಷ ನೆನಪಿನ ಪರೀಕ್ಷೆಗೆ ಕುಳಿತರು, ಸತ್ತ ಮೇಲೆ ತಮ್ಮ ಮೆದುಳನ್ನು ದಾನ ಕೊಡಲೂ ಒಪ್ಪಿದರು. ಸನ್ಯಾಸಿನಿಯರೇ ಯಾಕೆ? ಪ್ರಯೋಗಾಲಯದಲ್ಲಿ ನಾವು ಒಂದು ಅಂಶ ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರುವಂತೆ ನೋಡಿಕೊಳ್ಳುತ್ತೇವಲ್ಲ, ಹಾಗೆ. ಅವರ ಊಟ, ವಸತಿ, ವೈದ್ಯಕೀಯ ಸೌಲಭ್ಯ ಎಲ್ಲ ಹೆಚ್ಚುಕಡಿಮೆ ಒಂದೇ. ಬೀಡಿ ಸಿಗರೇಟಿಲ್ಲ, ಹೆರಿಗೆ ಇಲ್ಲ. ಹೀಗಾಗಿ ಹೋಲಿಕೆ ಸುಲಭ.

ಮಠ ಸೇರುವಾಗ, ಇಪ್ಪತ್ತೆರಡರ ಆಸುಪಾಸಿನಲ್ಲಿ, ಅವರು ತಮ್ಮ ಬದುಕಿನ ಬಗ್ಗೆ ಪುಟ್ಟ ಬರಹ ಬರೆದುಕೊಟ್ಟಿದ್ದರು. ಯಾರ ಬರಹದಲ್ಲಿ ವಿಚಾರಗಳು ಒತ್ತೊತ್ತಾಗಿ ತುಂಬಿದ್ದವೋ ಅವರಲ್ಲಿ ಅರವತ್ತು ವರ್ಷಗಳ ನಂತರ ಮರೆವಿನ ಕಾಯಿಲೆ ಕಡಿಮೆ ಇತ್ತು. ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದು. ಕೆಲವರ ಮೆದುಳಿನಲ್ಲಿ ಗುಪ್ಪೆಗಳೂ ಸಿಕ್ಕುಗಳೂ ಧಾರಾಳವಾಗಿದ್ದರೂ ಅವರು ಕೊನೆಯವರೆಗೂ ಚುರುಕಾಗಿಯೇ ಇದ್ದರು!

ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದ ಊರನ್ನು ನೆನೆಸಿಕೊಳ್ಳಿ. ಊರಿಗೆ ಇದ್ದದ್ದು ಒಂದೇ ರಸ್ತೆಯಾದರೆ ಅಂದಿಗೇ ಸಂಪರ್ಕ ಕಡಿಯಿತು. ನಾಲ್ಕು ಕಾಲುದಾರಿ ಇದ್ದರೆ ಬಳಸಿಕೊಂಡಾದರೂ ಹೋಗಬಹುದು. ಓದು, ಲೆಕ್ಕ, ಹೊಸ ಕೆಲಸ ಕಲಿಯುವುದು, ಜನರೊಂದಿಗೆ ಒಡನಾಟ ಇವೆಲ್ಲ ನರಕೋಶಗಳ ನಡುವೆ ಸಂಪರ್ಕಗಳನ್ನು ಬೆಳೆಸುತ್ತವೆ. ಕಾಯಿಲೆ ಕೆಲವು ದಾರಿಗಳನ್ನು ಮುಚ್ಚಿದರೂ ಮೆದುಳು ಉಳಿದ ದಾರಿಗಳಲ್ಲಿ ಕೆಲಸ ಸಾಗಿಸುತ್ತದೆ. ಇದಕ್ಕೆ ಬುದ್ಧಿಯ ಮೀಸಲು ಎನ್ನಬಹುದು. ನೆನಪಿಡಿ, ಓದಿದವರಿಗೆ ಕಾಯಿಲೆ ಬರುವುದೇ ಇಲ್ಲ ಅಂತಲ್ಲ. ಪ್ರೊಫೆಸರುಗಳಿಗೂ ಬರುತ್ತದೆ. ಸಂಭವ ಕಡಿಮೆ, ಲಕ್ಷಣ ಕಾಣಿಸಿಕೊಳ್ಳುವುದು ತಡ, ಅಷ್ಟೇ.

ಶಾಲೆ ಒಂದೇ ಕಾರಣವೂ ಅಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ 14 ಅಪಾಯಗಳನ್ನು ಪಟ್ಟಿಮಾಡಿತು. ಇವನ್ನೆಲ್ಲ ನಿವಾರಿಸಿದರೆ ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಾಲ್ಯದ ಕಡಿಮೆ ಓದು, ಕಿವುಡು, ಮಂದ ದೃಷ್ಟಿ, ಬಿ.ಪಿ., ಸಕ್ಕರೆ ಕಾಯಿಲೆ, ಖಿನ್ನತೆ, ಒಂಟಿತನ, ಕೆಟ್ಟ ಗಾಳಿ ಎಲ್ಲ ಅದರಲ್ಲಿವೆ. ಹೊಗೆಸೊಪ್ಪು, ಹೆಂಡ, ತಲೆಗೆ ಪೆಟ್ಟು ಕೂಡ ಇವೆ, ಇವು ಗಂಡಸರಲ್ಲಿ ಹೆಚ್ಚು ಎಂದು ಒಪ್ಪಿಕೊಳ್ಳಲೇಬೇಕು. ಉಳಿದವನ್ನು ಒಂದೊಂದಾಗಿ ನಮ್ಮ ಮನೆಗಳಿಗೆ ತಂದು ನೋಡಿ. ಸೌದೆ ಒಲೆಯ ಮುಂದೆ ಕೂತು ಹೊಗೆ ಕುಡಿದವರು ಯಾರು? "ನಂಗೇನು, ಇನ್ನೊಂದು ವರ್ಷ ಹೋಗ್ಲಿ" ಅಂತ ಕಣ್ಣಿನ ಪೊರೆ ತೆಗೆಸದೆ ಕೂತವರು ಯಾರು? ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನು ಬಿಡುವಿನ ಮಾತು. 2019ರ ಸರಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಪೇಪರ್ ಓದೋಕೆ, ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಜತೆ ಮಾತಾಡೋಕೆ ಯಾರಿಗೆ ಪುರುಸೊತ್ತು ಉಳಿಯಿತು, ಕಳೆದು ನೋಡಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಓದು ಬಾರದ ಅಜ್ಜಿಯ ಕೈಗೆ ಪೆನ್ನು ಕೊಟ್ಟು "ಒಂದು ವಾಕ್ಯ ಬರೀರಿ" ಅಂದರೆ ಆಕೆ ಸೋಲುವುದು ಖಂಡಿತ, ಕಾಯಿಲೆ ಇರಲಿ ಬಿಡಲಿ. ಪಾಶ್ಚಾತ್ಯ ದೇಶಗಳ ಪರೀಕ್ಷೆಗಳಲ್ಲಿ ಈ ತೊಡಕಿತ್ತು. ಅದಕ್ಕಾಗಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ತಂಡ 1990ರ ದಶಕದಲ್ಲಿ ಅನಕ್ಷರಸ್ಥರಿಗೂ ಹೊಂದುವ ಪ್ರಶ್ನೆಗಳನ್ನು ರೂಪಿಸಿತು. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳುವುದು ಅದರಲ್ಲೊಂದು. ಶನಿವಾರ, ಶುಕ್ರವಾರ ಅಂತ ನೀವೂ ಹೇಳಿ ನೋಡಿ. ಇದಕ್ಕೆ ಅಕ್ಷರ ಬೇಡ, ಗಮನ ಬೇಕು.

ನಮ್ಮಂಥ ಗಡಿಯೂರಿನವರಿಗೆ ಸಂತೋಷ ಕೊಡುವ ಒಂದು ಅಧ್ಯಯನವೂ ಇದೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಈ ಕಾಯಿಲೆಯ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಶುರುವಾದದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಕಂಡಿತು. ಕಾಸರಗೋಡಿನಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಅಕ್ಕಲಕೋಟೆಯ ಸಂತೆಯಲ್ಲಿ ಮರಾಠಿ, ಆದವಾನಿಯಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು. ಯಾವ ಮಾತನ್ನು ಯಾರ ಹತ್ತಿರ ಆಡಬೇಕು ಅಂತ ಮೆದುಳು ದಿನವಿಡೀ ಆರಿಸುತ್ತಲೇ ಇರುತ್ತದೆ, ಅದೇ ಅದಕ್ಕೆ ವ್ಯಾಯಾಮ ಎಂದು ಸಂಶೋಧಕರ ಊಹೆ. ಎಲ್ಲ ದೇಶಗಳ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ಇಲ್ಲೂ ಹೆಣ್ಣು ಗಂಡಿನ ಪ್ರಶ್ನೆ ಇದೆ. ಸಂತೆಗೆ, ಕಚೇರಿಗೆ, ಪರವೂರಿಗೆ ಹೋಗುವವರಿಗೆ ಎರಡನೆಯ ಭಾಷೆ ಬರುತ್ತದೆ. ಅಂಗಳ ದಾಟಲು ಬಿಡದಿದ್ದ ಅಜ್ಜಿಗೆ ಅದು ಎಲ್ಲಿಂದ ಬರಬೇಕು?

ಕೊನೆಗೆ ಒಂದು ಕಷ್ಟದ ಮಾತು. ಅಜ್ಜಿಗೆ ಈ ಕಾಯಿಲೆ ಬಂದರೆ ನೋಡಿಕೊಳ್ಳುವವರು ಯಾರು? ಜಗತ್ತಿನಾದ್ಯಂತ ಇಂಥ ಆರೈಕೆಯ ನೂರು ಗಂಟೆಗಳಲ್ಲಿ 70 ಹೆಂಗಸರವು. ಸೊಸೆ ಕೂಲಿ ಬಿಡುತ್ತಾಳೆ. ಅದೂ ಸಾಲದಾದಾಗ ಕಣ್ಣು ಬೀಳುವುದು ಒಂಬತ್ತನೆಯ ತರಗತಿಯ ಮೊಮ್ಮಗಳ ಮೇಲೆ. "ಅಜ್ಜಿ ಹತ್ರ ಯಾರಾದ್ರೂ ಇರ್ಬೇಕಲ್ಲ, ಪರೀಕ್ಷೆಗೆ ಹೋದ್ರೆ ಸಾಕು" ಅಂತ ಹೇಳಿ ಅವಳನ್ನು ನಿಲ್ಲಿಸುತ್ತಾರೆ. ಅರವತ್ತೈದು ವರ್ಷಗಳ ಹಿಂದೆ ಅಜ್ಜಿಯನ್ನು ನಿಲ್ಲಿಸಿದ್ದೂ ಹೀಗೆಯೇ. ಗಂಡುಮಕ್ಕಳೇ, ನಿಮ್ಮ ಮನೆಯಲ್ಲಿ ಹೀಗಾದರೆ ಪಾಳಿ ಹಾಕಿಕೊಳ್ಳಿ. ಅಜ್ಜಿಗೆ ಊಟ ಬಡಿಸೋಕೆ, ಕೈಹಿಡಿದು ಅಂಗಳದಲ್ಲಿ ನಡೆಸೋಕೆ ಹುಡುಗನಿಗೂ ಬರುತ್ತದೆ. ಯಾರಾದರೂ ಹುಡುಗಿ ಈ ಕಾರಣಕ್ಕೆ ತರಗತಿಗೆ ಬರುವುದು ನಿಂತರೆ ಶಿಕ್ಷಕರಿಗೆ ತಿಳಿಸಿ.

ಈ ತಿಂಗಳ ಚಟುವಟಿಕೆ ಹೀಗಿದೆ. ನಿಮ್ಮ ಬೀದಿಯಲ್ಲಿ 65 ದಾಟಿದ ಐವರು ಅಜ್ಜಿಯರನ್ನೂ ಐವರು ಅಜ್ಜಂದಿರನ್ನೂ ಮಾತನಾಡಿಸಿ. ಎಷ್ಟನೆಯ ತರಗತಿವರೆಗೆ ಓದಿದಿರಿ, ಯಾಕೆ ಬಿಟ್ಟಿರಿ, ಎಷ್ಟು ಭಾಷೆ ಬರುತ್ತದೆ ಎಂದು ಕೇಳಿ. ನೆನಪಿನ ಪರೀಕ್ಷೆ ಮಾಡಲು ಹೋಗಬೇಡಿ, ಅದು ವೈದ್ಯರ ಕೆಲಸ. ಹಿರಿಯರಿಗೂ ಬೇಸರವಾಗುತ್ತದೆ. ಹಾಳೆಯಲ್ಲಿ ಹೆಸರು ಬೇಡ, "ಅ1, ಅ2" ಎಂದು ಗುರುತು ಹಾಕಿದರೆ ಸಾಕು. ಇಡೀ ತರಗತಿಯ ಅಂಕಿಗಳನ್ನು ಸೇರಿಸಿ ಅಜ್ಜಿಯರಿಗೊಂದು, ಅಜ್ಜಂದಿರಿಗೊಂದು ಸ್ತಂಭಾಲೇಖ ಬರೆಯಿರಿ. 1961ರ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. "ಯಾಕೆ ಬಿಟ್ಟಿರಿ" ಎಂಬುದಕ್ಕೆ ಬಂದ ಉತ್ತರಗಳನ್ನು ಮಾತ್ರ ಅಂಕಿಯಾಗಿಸಬೇಡಿ, ಅವರು ಆಡಿದ ಮಾತಿನಲ್ಲೇ ಬರೆದು ತನ್ನಿ.