ರೌಂಡ್ ದ್ವೀಪದ ಹಿರಿಯ ಹಲ್ಲಿ

ಹಲ್ಲಿಯೆಂದೊಡನೆ ಮನೆಯ ಗೋಡೆ, ದೀಪದ ಬಳಿ ಹೊಂಚುಹಾಕುವ ಪುಟ್ಟ ಪ್ರಾಣಿ ಕಣ್ಣಿಗೆ ಕಟ್ಟುತ್ತದೆ. ಸಂಸ್ಕೃತದಲ್ಲಿ ಅದು ‘ಗೃಹಗೋಧಿಕಾ’. ನಮ್ಮ ಹಳಗನ್ನಡದ ‘ಪಲ್ಲಿ’ಯು ಪಕಾರ ಹಕಾರವಾಗಿ ‘ಹಲ್ಲಿ’ಯಾಯಿತು. ಅದು ಲೊಚಗುಟ್ಟಿದರೆ ಶಕುನ, ಮೈಮೇಲೆ ಬಿದ್ದರೆ ಪಂಚಾಂಗ ತೆರೆಯುವ ರೂಢಿ ನಮ್ಮದು. ಆದರೆ ಜನವಸತಿಯೇ ಇಲ್ಲದ ದ್ವೀಪದಲ್ಲಿ ಬದುಕಿ ಉಳಿದ ಹಲ್ಲಿಯೊಂದುಂಟು.

ಮಾರಿಷಸ್ಸಿನ ಈಶಾನ್ಯಕ್ಕೆ ಸುಮಾರು ೨೨ ಕಿಲೋಮೀಟರ್ ದೂರದಲ್ಲಿ, ಎರಡು ಚದರ ಕಿಲೋಮೀಟರಿನಷ್ಟು ವಿಸ್ತಾರವಾದ ರೌಂಡ್ ದ್ವೀಪವಿದೆ. ಅಲ್ಲಿನ ಈ ಹಲ್ಲಿಯನ್ನು ೧೮೮೫ರಲ್ಲಿ ಬೂಲೆಂಜರ್ ಎಂಬ ವಿದ್ವಾಂಸರು ಮೊದಲಿಗೆ ವರ್ಣಿಸಿ, ಪ್ರಾಣಿಶಾಸ್ತ್ರಜ್ಞ ಗುಂಥರ್ ಅವರ ಹೆಸರನ್ನಿತ್ತರು. ಇದು ಫೆಲ್ಸುಮಾ ಎಂಬ ಕುಲಕ್ಕೆ ಸೇರಿದೆ. ಹಗಲಿನಲ್ಲಿ ಸಂಚರಿಸುವುದು ಈ ಕುಲದ ಸ್ವಭಾವ; ನಮ್ಮ ಅಂಡಮಾನಿನಲ್ಲಿಯೂ ಇದರ ಹಸಿರು ಬಣ್ಣದ ಬಂಧುವೊಂದಿದೆ. ಗುಂಥರ್ ಹಲ್ಲಿಗೆ ಆ ಸೊಬಗಿಲ್ಲ, ಬೂದುಮಿಶ್ರಿತ ಕಂದು ಮೈ. ಉದ್ದ ಮಾತ್ರ ಒಂದಡಿಯಷ್ಟು! ಕಣ್ಣಿಗೆ ರೆಪ್ಪೆಯಿಲ್ಲದ್ದರಿಂದ ನಾಲಗೆಯಿಂದಲೇ ಕಣ್ಣನ್ನು ಒರೆಸಿಕೊಳ್ಳುತ್ತದೆ. ಹುಳುಹುಪ್ಪಟೆಗಳಲ್ಲದೆ ಹೂವಿನ ಮಕರಂದವೂ ಹಣ್ಣೂ ಇದಕ್ಕೆ ಪ್ರಿಯ. ಮಾರಿಷಸ್ಸಿನ ಕೆಲವು ಗಿಡಗಳಿಗೆ ಪರಾಗವನ್ನೊಯ್ಯುವ ದುಂಬಿಯ ಕೆಲಸವನ್ನು ಇದೇ ಕುಲದ ಚಿಕ್ಕ ಹಲ್ಲಿಗಳು ಮಾಡುತ್ತವೆ.

ಒಂದು ಕಾಲಕ್ಕೆ ಗುಂಥರ್ ಹಲ್ಲಿ ಮಾರಿಷಸ್ಸಿನ ದೊಡ್ಡ ನೆಲದಲ್ಲಿಯೂ ಇತ್ತೆಂಬುದಕ್ಕೆ ಅಲ್ಲಿ ದೊರೆತ ಮೂಳೆಗಳೇ ಸಾಕ್ಷಿ. ಹಡಗುಗಳಿಂದಿಳಿದ ಇಲಿಗಳು ಹೊಕ್ಕ ನೆಲದಲ್ಲಿ ಅದು ಉಳಿಯಲಿಲ್ಲ. ನೆರೆಯ ರಾಡ್ರಿಗಸ್ ದ್ವೀಪದಲ್ಲಿದ್ದ, ಇದಕ್ಕಿಂತಲೂ ದೊಡ್ಡದಾದ ಸೋದರ ಹಲ್ಲಿಯು ನಿರ್ವಂಶವೇ ಆಯಿತು. ರೌಂಡ್ ದ್ವೀಪಕ್ಕೆ ಇಲಿ ತಲುಪಲಿಲ್ಲ. ಆದರೆ ಮನುಷ್ಯರು ತಂದು ಬಿಟ್ಟ ಆಡುಗಳೂ ಮೊಲಗಳೂ ತಲುಪಿದವು. ಇವು ಹಲ್ಲಿಯನ್ನು ಮುಟ್ಟಲಿಲ್ಲ, ಮೊಳಕೆಗಳನ್ನು ಮೇದವು. ಹಳೆಯ ಮರ ಬಿದ್ದರೆ ಅದರೆಡೆಗೆ ಹೊಸದು ಏಳಲಿಲ್ಲ. ಬೇರಿನ ಹಿಡಿತವಿಲ್ಲದ ಮಣ್ಣು ಮಳೆಯೊಡನೆ ಕಡಲಿಗಿಳಿಯಿತು. ಹಲ್ಲಿ ನೆಲೆಸುವ ತಾಳೆಜಾತಿಯ ಮರಗಳೂ ಕೇದಗೆಯ ಕುಲದ ಗಿಡಗಳೂ ವಿರಳವಾದವು. ಅಲ್ಲಿ ಮಾತ್ರವಿದ್ದ ಬಿಲವಾಸಿ ಹಾವೊಂದು ೧೯೭೫ರ ತರುವಾಯ ಯಾರ ಕಣ್ಣಿಗೂ ಬಿದ್ದಿಲ್ಲ.

೧೯೭೬ರಲ್ಲಿ ಜೆರಾಲ್ಡ್ ಡರೆಲ್ ಅಲ್ಲಿಗೆ ಹೋಗಿ ಕೆಲವು ಹಲ್ಲಿಗಳನ್ನು ತಮ್ಮ ಜೆರ್ಸಿಯ ಪ್ರಾಣಿಧಾಮಕ್ಕೆ ಒಯ್ದರು. ಅಲ್ಲಿ ಅವು ಮರಿಮಾಡಿದವು. ಆದರೆ ನೆಲೆಯೇ ಕರಗುತ್ತಿರುವಾಗ ಬೋನಿನಲ್ಲಿ ಮರಿ ಹೆಚ್ಚಿಸಿ ಫಲವೇನು? ದ್ವೀಪದ ಆಡುಗಳನ್ನು ೧೯೭೯ರ ವೇಳೆಗೆ, ಮೊಲಗಳನ್ನು ೧೯೮೬ರಲ್ಲಿ ಪೂರ್ತಿಯಾಗಿ ನಿವಾರಿಸಿದರು. ಇದನ್ನು ಓದಿ ಮರುಗುವವರುಂಟು. ಮರುಕ ತಪ್ಪಲ್ಲ, ಆದರೆ ಆಡಿಗೂ ಮೊಲಕ್ಕೂ ಲೋಕದಲ್ಲಿ ಬೇರೆ ನೆಲೆಗಳಿದ್ದವು, ಈ ಹಲ್ಲಿಗೆ ಇರಲಿಲ್ಲ. ತಾಳೆಯ ಸಸಿಗಳು ಮತ್ತೆ ತಲೆಯೆತ್ತಿದವು, ಹಲ್ಲಿಗಳ ಸಂಖ್ಯೆಯೂ ಏರಿತು. ೨೦೧೦ರಲ್ಲಿ ಕೆಲವನ್ನು ಮಾರಿಷಸ್ಸಿನ ತೀರದ ಬಳಿಯಿರುವ ಐಲ್ ಓ ಎಗ್ರೆಟ್ ದ್ವೀಪಕ್ಕೂ ಬಿಟ್ಟರು.

ಅಪಾಯವಿನ್ನೂ ತೀರಿಲ್ಲ. ಇದೇ ಕುಲದ, ಥಳಥಳಿಸುವ ಹಸಿರು ಬಣ್ಣದ ಮಡಗಾಸ್ಕರ್ ಹಲ್ಲಿಯನ್ನು ಜನರು ಚೆಲುವಿಗೆಂದು ಮಾರಿಷಸ್ಸಿಗೆ ತಂದರು. ೧೯೯೦ರ ದಶಕದಿಂದ ಅದು ಅಲ್ಲಿ ಹಬ್ಬಿ ನಾಡಿನ ಚಿಕ್ಕ ಹಲ್ಲಿಗಳಿಗೆ ಮಾರಿಯಾಗಿದೆ. ಆದುದರಿಂದ ಇಂದು ರೌಂಡ್ ದ್ವೀಪಕ್ಕೆ ಕಾಲಿಡುವವರ ಗಂಟುಮೂಟೆಗಳನ್ನು ಒಂದು ಬೀಜವಾಗಲಿ ಇಲಿಮರಿಯಾಗಲಿ ನುಸುಳದಂತೆ ಬಿಚ್ಚಿ ಶೋಧಿಸುತ್ತಾರೆ.