ಬ್ರೇಕ್ ಕೂಗಿದ್ದು ಕೇಳಿಸಿತು ತಮ್ಮಾ

ತಮ್ಮಾ, ನಿನ್ನೆ ಸಂಜೆ ಗಾಂಧಿನಗರದ ತಿರುವಿನಲ್ಲಿ ನಿನ್ನ ಕಾರು ನಿಲ್ಲುವಾಗ 'ಕೀಂ' ಎಂದದ್ದು ಕಟ್ಟೆ ಮೇಲೆ ಕೂತಿದ್ದ ನನಗೂ ಕೇಳಿಸಿತು. ಬ್ರೇಕ್ ನೋಡಿಸುವುದನ್ನು ಇನ್ನು ಮುಂದಕ್ಕೆ ಹಾಕಬೇಡ. ಪ್ಯಾಡು ತೆಳ್ಳಗಾದಾಗ ಡಿಸ್ಕಿಗೆ ತಾಗಿ ಕೂಗಲೆಂದೇ ಎಷ್ಟೋ ಪ್ಯಾಡುಗಳಿಗೆ ಸಣ್ಣ ತಗಡು ಕೂರಿಸಿರುತ್ತಾರೆ. ಆ ಕೂಗು 'ಗರಗರ' ಆಯಿತೋ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಡಿಸ್ಕಿನ ಖರ್ಚೂ ತಲೆಮೇಲೆ ಬೀಳುತ್ತದೆ.

ಹೊಸ ಪ್ಯಾಡಿನ ಸವೆಯುವ ಭಾಗ ಸುಮಾರು 10 ಮಿ.ಮೀ. ದಪ್ಪ. 3 ಮಿ.ಮೀ.ಗೆ ಇಳಿದರೆ ಬದಲಿಸು. ಎಷ್ಟು ಕಿಲೋಮೀಟರಿಗೆ ಎಂದು ಬೇರೆ ಊರಿನವರ ಲೆಕ್ಕ ಕೇಳಬೇಡ. ನೀನು ದಿನಾ ತೋರಣಗಲ್ಲಿಗೆ ಹೋಗುವುದು ಅದಿರು ಲಾರಿಗಳ ಹಿಂದೆ. ಆ ಕೆಂಪು ಧೂಳು ಚಕ್ರದೊಳಗೆ ಹೊಕ್ಕು, ಮಳೆ ಬಿದ್ದರೆ ಕೆಸರಾಗಿ, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿಗೆ ಮೆತ್ತುತ್ತದೆ. ಅದರ ಪಿನ್ನು ಬಿಗಿದುಕೊಂಡರೆ ಒಳಗಿನ ಪ್ಯಾಡು ಸವೆದುಹೋಗಿ, ಹೊರಗಿನದು ಹೊಸದರಂತೆಯೇ ಕಾಣುತ್ತದೆ. ಗ್ಯಾರೇಜಿನವರು ಹೊರಗಿನಿಂದ ಇಣುಕಿ 'ಇನ್ನೂ ಇದೆ ಸಾರ್' ಎಂದರೆ ಒಪ್ಪಬೇಡ. ಚಕ್ರ ಬಿಚ್ಚಿಸಿ ಎರಡನ್ನೂ ನೋಡು.

ಬದಲಿಸಿದರೆ ಎಡ, ಬಲ ಒಟ್ಟಿಗೇ ಬದಲಿಸು. ಇಲ್ಲವಾದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಪಿನ್ನು ಒರೆಸಿ ಬ್ರೇಕಿನ ಗ್ರೀಸ್ ಸವರಿಸು, ಆದರೆ ಪ್ಯಾಡಿನ ಮುಖಕ್ಕೆ ಹನಿ ಜಿಡ್ಡೂ ತಾಗಬಾರದು. ಧೂಳಿಗೆ ಗಾಳಿ ಹೊಡೆಯಲು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸು ಅನ್ನು. ಪಾಪ, ಗ್ಯಾರೇಜಿನ ಹುಡುಗ ದಿನವಿಡೀ ಅದನ್ನೇ ಉಸಿರಾಡುತ್ತಾನೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸು. ಸಂಡೂರಿನ ಕುಮಾರಸ್ವಾಮಿ ಗುಡಿಯಿಂದ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇಟ್ಟರೆ ಆ ತೇವ ಕಾದು ಆವಿಯಾಗಿ ಪೆಡಲು ಮೆತ್ತಗಾಗಬಹುದು. ಎರಡನೇ ಗೇರಿನಲ್ಲೇ ಇಳಿ.

ಇನ್ನೊಂದು ಮಾತು, ಇದನ್ನಂತೂ ಮರೆಯಲೇಬೇಡ. ಹೊಸ ಪ್ಯಾಡು ಕೂರಿಸಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಗಾಡಿ ಕದಲಿಸುವ ಮೊದಲೇ ಪೆಡಲು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಬೇಕು. ಒಮ್ಮೆ ನಾನೇ ಪ್ಯಾಡು ಹಾಕಿ, ಒತ್ತದೆ ರಿವರ್ಸ್ ತೆಗೆದೆ. ಪೆಡಲು ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಹಿಂದಿನ ಚಕ್ರ ಗೇಟು ದಾಟಿ ರಂಗೋಲಿಯ ಮೇಲೆ ನಿಂತಿತ್ತು. ನಿಮ್ಮ ದೊಡ್ಡಮ್ಮ ಆಗಷ್ಟೇ ಅಲ್ಲಿಂದ ಎದ್ದು ಒಳಗೆ ಬಂದಿದ್ದಳು. ಹಿಟ್ಟಿನ ಬಟ್ಟಲು ಇನ್ನೂ ಕೈಯಲ್ಲೇ ಇತ್ತು.

ಭಾನುವಾರ ಬಿಸಿಲೇರುವ ಮುಂಚೆ ಗಾಡಿ ನಮ್ಮ ಅಂಗಳಕ್ಕೆ ತಾ. ಜಾಕಿ ಇದೆ, ಚಕ್ರಕ್ಕೆ ಒಡ್ಡಲು ಕಲ್ಲೂ ಇದೆ.