ನೂರಕ್ಕೊಂದು ಓಟು, ಮೇಜಿನ ಬಳಿ ಎರಡು ಕುರ್ಚಿ

ಹೋದ ವರ್ಷ ನಮ್ಮ ಸಂಘದಲ್ಲಿ ನಾಟಕದವರಿಗೂ ಹಾಡಿನವರಿಗೂ ಜಗಳ ಹತ್ತಿದ್ದು ನಿಮಗೆಲ್ಲ ಗೊತ್ತು. ಕೊನೆಗೆ ಎರಡೂ ಕಡೆಯ ಹುಡುಗರು ಕ್ಯಾಂಟೀನಿನಲ್ಲಿ ಕೂತು ರಾಜಿ ಮಾಡಿಕೊಂಡೆವು: ಹಾಡು ಸಂಜೆ ಐದಕ್ಕೆ, ನಾಟಕದ ತಾಲೀಮು ಏಳರ ಮೇಲೆ. ವಾರದೊಳಗೆ ಮೂವರು ಹುಡುಗಿಯರು ನಾಟಕ ಬಿಟ್ಟರು. ಅವರು ಲೋಕಲ್ ಹಿಡಿದು ಮನೆ ಸೇರೋದು ಎಷ್ಟು ಹೊತ್ತಿಗೆ ಅಂತ ನಾವು ಯಾರೂ ಕೇಳಿರಲೇ ಇಲ್ಲ. ಆ ಮೇಜಿನಲ್ಲಿ ನಾನೂ ಇದ್ದೆ.

ನಮ್ಮದು ಸಣ್ಣ ಜಗಳ. ಆದರೆ ಬಂದೂಕಿನ ಜಗಳ ಮುಗಿದಾಗಲೂ ಹೀಗೇ ಆಗುತ್ತದೆ. ಹೊಡೆದಾಡಿದವರೇ ಕೂತು ಒಪ್ಪಂದ ಬರೆಯುತ್ತಾರೆ. ಅದರಲ್ಲಿ ಆಯುಧ, ಕೈದಿ, ಅಧಿಕಾರದ ಪಾಲು ಬರುತ್ತವೆ. ಮನೆಯವರನ್ನು ಕಳಕೊಂಡವರ ಪಾಡು ಬಿಟ್ಟುಹೋಗುತ್ತದೆ. ಹಾಗಾಗದಂತೆ ಹೆಂಗಸರು ನೋಡಿಕೊಂಡ ಒಂದು ಉದಾಹರಣೆ ಉತ್ತರ ಐರ್ಲೆಂಡ್.

ಅಲ್ಲಿ ಬ್ರಿಟನ್ನಿನ ಜೊತೆಗೇ ಇರಬೇಕು ಅನ್ನುವವರು ಹೆಚ್ಚಾಗಿ ಪ್ರೊಟೆಸ್ಟೆಂಟರು, ಐರ್ಲೆಂಡಿಗೆ ಸೇರಬೇಕು ಅನ್ನುವವರು ಹೆಚ್ಚಾಗಿ ಕ್ಯಾಥೊಲಿಕರು. 1960ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ಬಾಂಬು, ಗುಂಡು. ಸತ್ತವರು ಸುಮಾರು 3,500 ಜನ.

1996ರಲ್ಲಿ ಸಂಧಾನಕ್ಕೆ ಯಾರು ಬರಬೇಕೆಂದು ತೀರ್ಮಾನಿಸಲು ಚುನಾವಣೆ ನಡೆಯಿತು. 110 ಸ್ಥಾನಗಳಲ್ಲಿ 90 ಕ್ಷೇತ್ರಗಳಿಂದ; ಉಳಿದ 20 ಹೆಚ್ಚು ಓಟು ಪಡೆದ ಮೊದಲ ಹತ್ತು ಪಕ್ಷಗಳಿಗೆ ಎರಡೆರಡು. ಹಳೆಯ ಪಕ್ಷಗಳು ಹೆಂಗಸರಿಗೆ ಜಾಗ ಕೊಡುವ ಲಕ್ಷಣ ಕಾಣಲಿಲ್ಲ. ಆಗ ಎರಡೂ ಪಂಗಡದ ಹೆಂಗಸರು ಕೆಲವೇ ವಾರಗಳಲ್ಲಿ ತಮ್ಮದೇ ಪಕ್ಷ ಕಟ್ಟಿದರು: ಉತ್ತರ ಐರ್ಲೆಂಡ್ ಮಹಿಳಾ ಒಕ್ಕೂಟ. ಸಿಕ್ಕ ಓಟು 7,731, ಅಂದರೆ ಶೇಕಡಾ ಒಂದು. ಕಾಮರ್ಸಿನವರು ನಾವು ಅಷ್ಟು ಸಣ್ಣ ಮೊತ್ತವನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಆದರೆ ಮೊದಲ ಹತ್ತರೊಳಗೆ ಬರಲು ಅಷ್ಟು ಸಾಕಾಯಿತು. ಕ್ಯಾಥೊಲಿಕ್ ಮನೆತನದ ಮೋನಿಕಾ ಮೆಕ್‌ವಿಲಿಯಮ್ಸ್, ಪ್ರೊಟೆಸ್ಟೆಂಟ್ ಮನೆತನದ ಪರ್ಲ್ ಸೇಗರ್ ಒಳಗೆ ಹೋದರು.

ಒಳಗೆ ಮರ್ಯಾದೆಯೇನೂ ಕಾದಿರಲಿಲ್ಲ. ಅವರು ಮಾತಾಡಲು ಎದ್ದರೆ ಕೆಲವು ಗಂಡಸರು ಹಸುವಿನ ಹಾಗೆ ಕೂಗಿ ಅಣಕಿಸಿದರು. ಇವರು ಆ ಬೈಗುಳಗಳನ್ನೆಲ್ಲ ಬರೆದು ತಮ್ಮ ಕಚೇರಿಯ ಬೋರ್ಡಿಗೆ ಅಂಟಿಸಿದರು! ಕೆಲಸ ಮಾತ್ರ ಬಿಡಲಿಲ್ಲ.

1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ನೊಂದವರ ಅಗತ್ಯ, ಎರಡೂ ಪಂಗಡದ ಮಕ್ಕಳು ಒಟ್ಟಿಗೆ ಓದುವ ಶಾಲೆ, ರಾಜಕೀಯದಲ್ಲಿ ಹೆಂಗಸರ ಸಮಾನ ಹಕ್ಕು, ಸಾಮಾನ್ಯ ನಾಗರಿಕರ ಒಂದು ವೇದಿಕೆ, ಇವು ಅದರಲ್ಲಿ ಸೇರಲು ಒಕ್ಕೂಟ ಪಟ್ಟುಹಿಡಿದು ದುಡಿಯಿತು. ಮೇ ತಿಂಗಳ ಜನಮತದಲ್ಲಿ ಶೇಕಡಾ 71ರಷ್ಟು ಜನ ಒಪ್ಪಿದರು.

ಮುಂದಿನ ಕಥೆ ಅಷ್ಟು ಸಿಹಿಯಲ್ಲ. 2000ದಲ್ಲಿ ಶುರುವಾದ ನಾಗರಿಕ ವೇದಿಕೆ 2002ಕ್ಕೇ ನಿಂತಿತು. 2003ರಲ್ಲಿ ಒಕ್ಕೂಟ ತನ್ನ ಸ್ಥಾನಗಳನ್ನು ಕಳಕೊಂಡಿತು; 2006ರಲ್ಲಿ ಮುಚ್ಚಿಹೋಯಿತು. ಹಾಗಾದರೆ ಎಲ್ಲ ದಂಡವೇ? ನನಗೆ ಹಾಗನಿಸೋದಿಲ್ಲ. ಪುಸ್ತಕದಲ್ಲಿ ಬರೆದ ಸಾಲ ತಕ್ಷಣ ತೀರದೇ ಇರಬಹುದು. ಆದರೆ ಅದನ್ನು ತೋರಿಸಿ ನಾಳೆ ಕೇಳಬಹುದು. ಬರೆಯದೇ ಬಿಟ್ಟ ಸಾಲ ಕೇಳೋದು ಹೇಗೆ? ಬರೆಯುವ ಹೊತ್ತಿನಲ್ಲಿ ಅಲ್ಲಿರಬೇಕು. ಸಂಧಾನದಲ್ಲಿ ಹೆಂಗಸರು ಇರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಮಾಡಿದ್ದು 2000ದ ಅಕ್ಟೋಬರಿನಲ್ಲಿ. ಈ ಹೆಂಗಸರು ಅದಕ್ಕೂ ಮೊದಲೇ ಹೋಗಿ ಕೂತಿದ್ದರು.

ಗೆಳೆಯರೇ, ಈ ವರ್ಷದ ತಾಲೀಮಿನ ಹೊತ್ತು ಇನ್ನೂ ಗೊತ್ತಾಗಿಲ್ಲ. ಅದನ್ನು ಬರೆಯುವ ಮೊದಲು ಆ ಮೂವರನ್ನೂ ಸಭೆಗೆ ಕರೆಯೋಣ. ಕರೆಯೋ ಕೆಲಸ ನಂದು.